ಆಸ್ಕರನ ಸಿಡುಕು

2019ರ ಅಕ್ಟೋಬರ್ 13, ಭಾನುವಾರ ಬೆಳಿಗ್ಗೆ. ದೋಸೆ ಹಿಟ್ಟಿಗೆ ಉಪ್ಪು ಹಾಕಿ ಕಲಸುತ್ತಿದ್ದೆ, ಕಾಲೇಜಿನ ಡಾರ್ಮಿನಿಂದ ಮಗಳ ಫೋನ್ ಬಂತು. "ಅಮ್ಮ, ವಿಡಿಯೋ ಒಂದು ಕಳಿಸಿದ್ದೇನೆ, ಈಗಲೇ ನೋಡು. ನಿನ್ನ ಆಸ್ಕರ್!" ಎಂದಳು. ನಗು ತಡೆಯಲಾಗದೆ ಮಾತೇ ಹೊರಡುತ್ತಿರಲಿಲ್ಲ ಅವಳಿಗೆ.

ಹಿಂದಿನ ರಾತ್ರಿಯ 'ಸ್ಯಾಟರ್ಡೇ ನೈಟ್ ಲೈವ್' ಎಂಬ ಅಮೆರಿಕದ ಟಿವಿ ಹಾಸ್ಯ ಕಾರ್ಯಕ್ರಮದ ತುಣುಕು ಅದು. 'ಜೋಕರ್' ಸಿನಿಮಾ ಬಿಡುಗಡೆಯಾಗಿ ವಾರವಷ್ಟೇ ಕಳೆದಿತ್ತು. ಅದರ ಟ್ರೇಲರಿನ ಧಾಟಿಯನ್ನೇ ಹಿಡಿದು, ಮಕ್ಕಳ ಟಿವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್'ನಲ್ಲಿ ಕಸದ ಡಬ್ಬಿಯೊಳಗೆ ವಾಸಿಸುವ ಸಿಡುಕು ಗೊಂಬೆ ಆಸ್ಕರ್ ದ ಗ್ರೌಚ್ ಆ ಡಬ್ಬಿ ಸೇರಿದ ಕಥೆಯನ್ನು ಅಣಕವಾಗಿ ಮಾಡಿದ್ದರು. ಆ ವಾರದ ಅತಿಥಿ ಡೇವಿಡ್ ಹಾರ್ಬರ್ ಹಸಿರು ಬಣ್ಣ ಬಳಿದುಕೊಂಡು ಆಸ್ಕರನಾಗಿದ್ದರು. ಮಬ್ಬುಗತ್ತಲು, ಕೊಳಕು ಬೀದಿ, ಎಲ್ಲರಿಂದ ಕಸದಂತೆ ಕಾಣಿಸಿಕೊಂಡು ಕೊನೆಗೆ ಕಸದೊಳಗೇ ಇಳಿದುಬಿಡುವ ಮನುಷ್ಯ. ಬಹಳ ಚೆನ್ನಾಗಿ ಮಾಡಿದ್ದರು, ಅದನ್ನು ಒಪ್ಪಲೇಬೇಕು. ಆದರೆ ನೋಡಿ ಮುಗಿಸುವಾಗ ನನ್ನ ಹೊಟ್ಟೆಯೊಳಗೆ ಏನೋ ಕಿವುಚಿದಂತಾಗಿತ್ತು. ಮಗಳಿಗೆ "ಆಮೇಲೆ ಮಾತಾಡುವ ಮಗಾ" ಎಂದು ಫೋನಿಟ್ಟೆ.

ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ನ್ಯೂಜೆರ್ಸಿಯ ಎಡಿಸನ್ನಿಗೆ ಬಂದದ್ದು 1997ರ ಜನವರಿಯಲ್ಲಿ. ಮರುವರ್ಷ ಮಗಳು ಹುಟ್ಟಿದಳು. ಗಂಡ ಕತ್ತಲಿರುವಾಗಲೇ ರೈಲು ಹಿಡಿದರೆ ಮನೆಗೆ ಬರುವುದೂ ಕತ್ತಲಾದ ಮೇಲೆ. ಕಾರು ಬಿಡಲು ಬಾರದ ನನಗೆ ಹಿಮ ಬಿದ್ದ ದಿನಗಳಲ್ಲಿ ಜೊತೆಯೆಂದರೆ ಕೈಕೂಸು ಮತ್ತು ಟಿವಿ. ಓದುವ ಇಂಗ್ಲಿಷ್ ಬರುತ್ತಿತ್ತು. ಅಂಗಡಿಯ ಗಲ್ಲಾದ ಎದುರು ನಿಂತು ಥಟ್ಟನೆ ಆಡುವ ಇಂಗ್ಲಿಷ್ ಬರುತ್ತಿರಲಿಲ್ಲ. ಅದನ್ನು ನಾನೂ ಮಗಳೂ ಒಟ್ಟಿಗೇ ಕಲಿತದ್ದು 'ಸೆಸಮಿ ಸ್ಟ್ರೀಟ್' ನೋಡಿ.

ಮಗಳಿಗೆ ಅದರ ಎಲ್ಮೊ ಗೊಂಬೆ ಇಷ್ಟ, ನನಗೆ ಆಸ್ಕರ್. ಇಲ್ಲಿ ಯಾರು ಸಿಕ್ಕಿದರೂ ಹೇಗಿದ್ದೀರಿ ಎನ್ನುತ್ತಿದ್ದರು, ಚೆನ್ನಾಗಿದ್ದೇನೆ ಎಂದು ಹಲ್ಲು ಬಿಡಬೇಕಿತ್ತು. ಊರಿನಲ್ಲಿ ಅಪ್ಪಯ್ಯನಿಗೆ ಹುಷಾರಿಲ್ಲ ಎಂದು ಕಾಗದ ಬಂದ ದಿನವೂ ಹಾಗೆಯೇ ಹಲ್ಲು ಬಿಟ್ಟಿದ್ದೇನೆ. ನನಗೆ ಗೊತ್ತಿದ್ದವರ ಪೈಕಿ ಚೆನ್ನಾಗಿಲ್ಲ, ಹೋಗಾಚೆ ಎನ್ನುವ ಧೈರ್ಯವಿದ್ದವನು ಆಸ್ಕರ್ ಒಬ್ಬನೇ. ಅವನು ಅಷ್ಟು ಸಿಡುಕಿದರೂ ಬೀದಿಯವರು ಅವನನ್ನು ರಿಪೇರಿ ಮಾಡಲು ಹೋಗುತ್ತಿರಲಿಲ್ಲ. ಎಂತಕ್ಕೆ ಹೀಗಿದ್ದೀಯ ಎಂದು ಪೀಡಿಸುತ್ತಲೂ ಇರಲಿಲ್ಲ. ಹಾದುಹೋಗುವಾಗ ಮಾತಾಡಿಸುತ್ತಿದ್ದರು, ಅವನು ಬೈದು ಡಬ್ಬಿಯ ಮುಚ್ಚಳ ಢಣ್ಣೆಂದು ಹಾಕಿಕೊಳ್ಳುತ್ತಿದ್ದ, ಮರುದಿನ ಮತ್ತೆ ಮಾತಾಡಿಸುತ್ತಿದ್ದರು. ಡಬ್ಬಿ ಇರುವುದು ಬೀದಿಯ ಮೂಲೆಯಲ್ಲಲ್ಲ, ಎಲ್ಲರೂ ಓಡಾಡುವ ಮನೆಯ ಮೆಟ್ಟಿಲ ಪಕ್ಕದಲ್ಲೇ.

ಅಣಕದಲ್ಲಿ ಚುಚ್ಚಿದ್ದು ಇದೇ. ಅವನ ಸಿಡುಕಿಗೆ ಅವರೊಂದು ಕಾರಣ ಕೊಟ್ಟುಬಿಟ್ಟಿದ್ದರು. ಜಗತ್ತು ತುಳಿಯಿತು, ಅದಕ್ಕೇ ಹೀಗಾದ ಎಂದು. ನನ್ನ ಆಸ್ಕರನಿಗೆ ಕಾರಣ ಬೇಕಿರಲಿಲ್ಲ.

ಸೋಮವಾರ ಕೊಲಂಬಸ್ ಡೇ ರಜೆ. ಮಂಗಳವಾರ ನಾನು ಕೆಲಸ ಮಾಡುವ ಶಿಶುಶಾಲೆಯಲ್ಲಿ ಊಟದ ಹೊತ್ತಿಗೆ ಅದೇ ಸುದ್ದಿ. ಇಬ್ಬರು ಎಳೆಯ ಟೀಚರುಗಳಿಗೆ ಬಹಳ ಖುಷಿಯಾಗಿತ್ತು. ಇನ್ನೊಬ್ಬರು, ಎರಡು ಮಕ್ಕಳ ತಾಯಿ, ಮಕ್ಕಳು ಆಸ್ಕರ್ ಎಂದು ಹುಡುಕಿದರೆ ಮೊದಲು ಇದೇ ಬಂದರೆ ಏನು ಗತಿ ಎಂದು ನಿಜಕ್ಕೂ ನೊಂದುಕೊಂಡರು. ಅಡುಗೆ ಮನೆಯ ಹಿರಿಯ ಹೆಂಗಸು ಮಾತ್ರ ಸುಮ್ಮನೆ ಸೂಪು ಕುಡಿಯುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಬ್ರಾಂಕ್ಸಿನಲ್ಲಿ ಬೆಳೆದವರು. ಆಮೇಲೆ ನಿಧಾನವಾಗಿ ಹೇಳಿದರು: ಅಣಕದಲ್ಲಿ ತೋರಿಸಿದ ಬೀದಿ ಸುಳ್ಳೇನಲ್ಲ, ನನ್ನ ಬೀದಿ ಹಾಗೇ ಇತ್ತು. ಅಂಥ ಬೀದಿಯ ನಮ್ಮಂಥ ಮಕ್ಕಳಿಗೆಂದೇ 'ಸೆಸಮಿ ಸ್ಟ್ರೀಟ್' ಶುರುವಾದದ್ದು. ಟಿವಿಯಲ್ಲಿ ನಮ್ಮದೇ ಮೆಟ್ಟಿಲು, ನಮ್ಮದೇ ಕಸದ ಡಬ್ಬಿ ಕಂಡಾಗ ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತಾ? ನಿನ್ನೆ ಮತ್ತೆ ಅದನ್ನು ನೋಡಿ ಅತ್ತೆ, ನಕ್ಕೆ, ಎರಡೂ ಆಯಿತು.

ಅವರ ಮಾತು ಕೇಳಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಪೂರ್ತಿ ಹೋಗಲಿಲ್ಲ.

ಆಸ್ಕರನಂಥ ಗೊಂಬೆಗಳನ್ನು ಮಾಡಿದ ಜಿಮ್ ಹೆನ್ಸನ್ನರ ಮಪೆಟ್‌ಗಳು 1975ರಲ್ಲಿ ಇದೇ 'ಸ್ಯಾಟರ್ಡೇ ನೈಟ್ ಲೈವ್'ನ ಮೊದಲ ವರ್ಷದ ಕಂತುಗಳಲ್ಲಿದ್ದವು ಎಂದು ಮಗಳು ಆಮೇಲೆ ಹೇಳಿದಳು. ಅಲ್ಲಿನ ಬರಹಗಾರರಿಗೆ ಅವುಗಳಿಗಾಗಿ ಬರೆಯುವ ಮನಸ್ಸಿರಲಿಲ್ಲವಂತೆ.

ಡಿಸೆಂಬರ್ 8, ಅದೂ ಭಾನುವಾರವೇ. ಮಗಳ ಫೋನ್. ಈ ಸಲ ನಗು ಇರಲಿಲ್ಲ. ಕ್ಯಾರಲ್ ಸ್ಪಿನ್ನಿ ತೀರಿಕೊಂಡಿದ್ದರು, 85 ವರ್ಷ. 1969ರ ಮೊದಲ ಕಂತಿನಿಂದ ಆಸ್ಕರನ ಒಳಗಿದ್ದ ಕೈ ಅವರದು, ಬಿಗ್ ಬರ್ಡ್‌ನ ಒಳಗಿದ್ದ ಮನುಷ್ಯನೂ ಅವರೇ. ಎಂಟಡಿ ಎರಡಂಗುಲದ ಆ ಹಳದಿ ಹಕ್ಕಿಯೊಳಗೆ ಬಲಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದು ಕೊಕ್ಕು ಆಡಿಸುತ್ತಿದ್ದರು. ಹೊರಗಿನದು ಕಾಣಿಸದ ಕಾರಣ ಎದೆಗೆ ಪುಟ್ಟ ಟಿವಿಯೊಂದನ್ನು ಕಟ್ಟಿಕೊಂಡು, ಅದನ್ನು ನೋಡಿ ನಡೆಯುತ್ತಿದ್ದರು. ಉಪ್ಪಿನಕುದ್ರುವಿನ ಗೊಂಬೆಯಾಟ ನೋಡಿ ಬೆಳೆದ ನನಗೆ ಈ ಕೈನೋವಿನ ಅಂದಾಜು ಉಂಟು. ಪರದೆಯ ಹಿಂದೆ ಸೂತ್ರ ಹಿಡಿದವರು ಆಟ ಮುಗಿದ ಮೇಲೆ ಭುಜ ಒತ್ತಿಕೊಳ್ಳುವುದನ್ನು ಸಣ್ಣವಳಿರುವಾಗ ಹತ್ತಿರದಿಂದ ಕಂಡಿದ್ದೇನೆ. ಸ್ಪಿನ್ನಿ ಅದನ್ನು ಸುಮಾರು ಐವತ್ತು ವರ್ಷ ಮಾಡಿದರು. ನಿವೃತ್ತರಾದದ್ದು 2018ರಲ್ಲಿ.

ಕ್ರಿಸ್‌ಮಸ್ ರಜೆಗೆ ಮಗಳು ಬಂದವಳೇ ನೆಲಮಾಳಿಗೆಗೆ ಇಳಿದು ಹಳೆಯ ಪೆಟ್ಟಿಗೆ ಕೆದಕಿದಳು. ಕೈಗೆ ಹಾಕಿಕೊಳ್ಳುವ ಆಸ್ಕರ್ ಗೊಂಬೆ ಅದರಲ್ಲೇ ಇತ್ತು. ಹಸಿರು ಜುಂಗು ಅಲ್ಲಲ್ಲಿ ಗಂಟುಗಟ್ಟಿತ್ತು. ಒಂದು ಹುಬ್ಬಿನ ಹೊಲಿಗೆ ಬಿಟ್ಟು ನೇತಾಡುತ್ತಿತ್ತು. ಸೂಜಿ ತಂದು ಕಂದು ನೂಲಿನಲ್ಲಿ ನಾಲ್ಕು ಹೊಲಿಗೆ ಹಾಕಿ ಕೊಟ್ಟೆ. ಮೂರು ವರ್ಷದವಳಿದ್ದಾಗ ಅವಳು ಈ ಗೊಂಬೆಯಿಂದ ನಮ್ಮೂರ ಮಾತನ್ನೇ ಆಡಿಸುತ್ತಿದ್ದಳು. ಬೇರೆ ಮಾತು ಅವಳಿಗಾದರೂ ಎಲ್ಲಿ ಬರುತ್ತಿತ್ತು?

ಸೋಫಾದ ಹಿಂದೆ ಕುಳಿತು, ಬಲಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿದಳು. ಆಸ್ಕರ್ ನನ್ನತ್ತ ತಿರುಗಿದ.

"ಎಂತ ಬೇಕ್ ನಿಂಗೆ? ಹೋಗ್ ಅತ್ಲಾಯಿ!"

ಕೈ ಸೋಲುವವರೆಗೂ ಅವಳು ಬೈದಳು, ನಾನು ಬೈಸಿಕೊಂಡೆ.