ಟಾಕೀಸು ಬೋರ್ಡ್ ಗೇಮ್: ಕೋಟಾ ಸಾಕಾಗಲಿಲ್ಲ, ಟಿಕೆಟ್ ತೆರಿಗೆ ಸೇರಿಸಿದೆವು

ಉಡುಪಿಯ ಗೆಳೆಯರು ಸೇರಿ ಮಾಡುತ್ತಿರುವ ಸಿನಿಮಾ ವಿತರಣೆಯ ಬೋರ್ಡ್ ಗೇಮ್ ಈಗ ಕೊನೆವರೆಗೂ ಆಡುವ ಹಂತಕ್ಕೆ ಬಂದಿದೆ. ಒಬ್ಬರು ಟಾಕೀಸಿನ ಮಾಲೀಕ, ಒಬ್ಬರು ಊರಿನ ನಿರ್ಮಾಪಕ, ಒಬ್ಬರು ಹೊರದೇಶದ ದೊಡ್ಡ ವಿತರಕ, ಇನ್ನೊಬ್ಬರು ಸರ್ಕಾರ. ಕಾರ್ಡುಗಳನ್ನು ಮಣಿಪಾಲದ ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಗೆ ಹೊಡೆಸಿದ್ದೇವೆ.

ಶುರುವಿನಲ್ಲಿ ವಿತರಕನೇ ಗೆಲ್ಲುತ್ತಿದ್ದ. ಅವನ ಸಿನಿಮಾಕ್ಕೆ ಹಾಕಿದ ದುಡ್ಡು ಅವನ ದೇಶದಲ್ಲೇ ವಾಪಸ್ ಬಂದಿರುತ್ತದೆ, ಹಾಗಾಗಿ ಇಲ್ಲಿ ಎಷ್ಟು ಕಡಿಮೆಗೆ ಕೊಟ್ಟರೂ ಲಾಭವೇ, ಅದರ ಮೇಲೆ ಒಂದು ದೊಡ್ಡ ಚಿತ್ರ ಬೇಕಾದರೆ ಜೊತೆಗೆ ಬೇರೆ ಚಿತ್ರಗಳ ಒಂದು ಕಟ್ಟನ್ನೂ ನೋಡದೆಯೇ ತಗೋ ಅನ್ನುವ ಕಾರ್ಡೂ ಅವನ ಕೈಯಲ್ಲಿದೆ. ಊರಿನ ನಿರ್ಮಾಪಕನಿಗೆ ಶೋ ಎಲ್ಲಿ ಉಳಿಯುತ್ತದೆ?

ಅದಕ್ಕೆ ಸರ್ಕಾರಕ್ಕೆ ಕೋಟಾ ಕಾರ್ಡ್ ಕೊಟ್ಟೆವು. ಬ್ರಿಟನ್ 1927ರಲ್ಲಿ ಇದನ್ನೇ ಕಾನೂನು ಮಾಡಿತ್ತು. ಟಾಕೀಸುಗಳು ಇಷ್ಟು ಪಾಲು ಬ್ರಿಟಿಷ್ ಚಿತ್ರ ತೋರಿಸಲೇಬೇಕು ಅಂತ. ಆ ಪಾಲು ಮುಂದೆ 20%ಕ್ಕೆ ಏರಿತು. ಆದರೆ ಅಮೆರಿಕದ ಕಂಪನಿಗಳೇ ಅಲ್ಲಿ ಚೀಪಾಗಿ, ಗಡಿಬಿಡಿಯಲ್ಲಿ ಸಿನಿಮಾ ಮಾಡಿಸಿ ಲೆಕ್ಕ ತುಂಬಿಸಿದವು. ನಮ್ಮ ಆಟದಲ್ಲೂ ವಿತರಕನಾಗಿ ಕೂತವಳು ಯಾರೂ ಹೇಳಿಕೊಡದೆ ಅದೇ ದಾರಿ ಹಿಡಿದಳು! ನಿಯಮ ಸರಿಯಾಗಿ ಕೂತಿದೆ ಅಂತ ಆಗ ಖುಷಿಯಾಯಿತು.

ದಕ್ಷಿಣ ಕೊರಿಯಾದ ಕಾರ್ಡ್ ಬೇರೆ ಥರ. ಅಲ್ಲಿ ವರ್ಷಕ್ಕೆ 146 ದಿನ ದೇಶದ ಸಿನಿಮಾ ಕಡ್ಡಾಯವಿತ್ತು. ಅಮೆರಿಕದ ಜೊತೆ ವ್ಯಾಪಾರ ಒಪ್ಪಂದಕ್ಕೆ ಕೂರುವಾಗ, 2006ರಲ್ಲಿ, ಅದನ್ನು 73ಕ್ಕೆ ಇಳಿಸಿದರು. ನಟರು, ನಿರ್ದೇಶಕರು ಬೀದಿಗಿಳಿದರು. ಈ ಕಾರ್ಡ್ ಬಿದ್ದರೆ ಕೋಟಾ ಅರ್ಧ.

ಈಗ ಸೇರಿಸಿದ್ದು ಫ್ರಾನ್ಸಿನ ದಾರಿ. ಅಲ್ಲಿ ಪ್ರತಿ ಟಿಕೆಟ್ಟಿನ 10.72% ಸಿನಿಮಾ ನಿಧಿಗೆ ಹೋಗುತ್ತದೆ, ಹಾಲಿವುಡ್ ಚಿತ್ರದ ಟಿಕೆಟ್ ಆದರೂ ಅಷ್ಟೇ. ಆ ದುಡ್ಡಿನಿಂದ ಅಲ್ಲಿನ ಚಿತ್ರಗಳಿಗೆ, ಟಾಕೀಸುಗಳಿಗೆ ನೆರವು ಸಿಗುತ್ತದೆ. ಈ ಕಾರ್ಡ್ ಬಂದ ಮೇಲೆ ಹೊರಗಿನ ಚಿತ್ರ ಓಡಿದಷ್ಟೂ ಊರಿನ ನಿರ್ಮಾಪಕನ ಮುಂದಿನ ಸಿನಿಮಾಕ್ಕೆ ಬಂಡವಾಳ ಸೇರುತ್ತದೆ, ಟಾಕೀಸು ಮಾಲೀಕನೂ ಗೊಣಗುವುದಿಲ್ಲ. ದುಡ್ಡಿನ ದಾರಿ ಇಲ್ಲದೆ ಬರೀ ಕೋಟಾ ಹಾಕಿದರೆ ಜಾಸ್ತಿ ದಿನ ನಡೆಯುವುದಿಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸಿದೆ.

ಆಡುತ್ತಿದ್ದಾಗ ಮಂಗಳೂರಿನಿಂದ ಬಂದ ಗೆಳೆಯ ಕೇಳಿದ: "ಮಾರಾಯ್ರೆ, ತುಳು ಸಿನಿಮಾಕ್ಕೆ ಬೆಳಿಗ್ಗೆ ಹತ್ತರ ಶೋ ಕೊಟ್ಟರೆ ಯಾರು ಬರ್ತಾರೆ?" ತುಳು ಸಿನಿಮಾ 1971ರಿಂದ ಬರುತ್ತಿದೆ, ಅದಕ್ಕೆ ಎದುರಿಗಿರುವುದು ಹಾಲಿವುಡ್ ಮಾತ್ರ ಅಲ್ಲ, ಬೇರೆ ಭಾಷೆಗಳ ದೊಡ್ಡ ಚಿತ್ರಗಳೂ ಇವೆ. ಅವನ ಮಾತಿನಿಂದ ಹೊಸ ನಿಯಮ ಬಂತು: ಕೋಟಾದ ಲೆಕ್ಕಕ್ಕೆ ಸಂಜೆಯ ಶೋ ಮಾತ್ರ.

ಇನ್ನು ಉಳಿದಿರುವುದು ಬಾಡಿಗೆ ಮತ್ತು ಪರ್ಸೆಂಟೇಜ್ ಲೆಕ್ಕ. ಕರಾವಳಿಯ ಹಳೇ ಟಾಕೀಸುಗಳಲ್ಲಿ ಬುಕಿಂಗ್ ನೋಡಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಒಂದು ಸಂಜೆ ನಮ್ಮ ಜೊತೆ ಕೂತು ಆಡಿ, ವಾರದ ಕಲೆಕ್ಷನ್ ಹೇಗೆ ಹಂಚುತ್ತಿದ್ದಿರಿ ಅಂತ ತಿಳಿಸಿ.