ಗ್ರೂಪ್ ಫೋಟೊದಲ್ಲಿ ಬಾಗಿದ ಕಂಬ, ಅಗಲವಾದ ಮುಖ: ಲೆನ್ಸ್ ತಿದ್ದುವ ಮೊದಲು

ಛತ್ರದ ವೇದಿಕೆ ತುಂಬ ನೆಂಟರನ್ನು ನಿಲ್ಲಿಸಿ, ಹಿಂದೆ ಸರಿಯಲು ಜಾಗವಿಲ್ಲದೆ ಕೆಳಗಿನಿಂದ 24 ಎಂಎಂ ವೈಡ್ ಲೆನ್ಸ್‌ನಲ್ಲಿ ತೆಗೆದ ಗ್ರೂಪ್ ಫೋಟೊ ಎಡಿಟಿಂಗ್‌ಗೆ ಬಂದರೆ ಮೂರು ತೊಂದರೆ ಒಟ್ಟಿಗೆ ಕಾಣುತ್ತವೆ. ಮಂಟಪದ ಕಂಬ ಬಿಲ್ಲಿನಂತೆ ಬಾಗಿದೆ. ಎರಡೂ ಕಂಬಗಳು ಮೇಲೆ ಹೋದಂತೆ ಒಂದರ ಕಡೆಗೊಂದು ವಾಲಿವೆ. ತುದಿಯಲ್ಲಿ ನಿಂತವರ ಮುಖ ಅಡ್ಡಕ್ಕೆ ಎಳೆದಂತಿದೆ. ಮೂರನ್ನೂ ಡಿಸ್ಟಾರ್ಷನ್ (ಆಕಾರ ಕೆಡುವುದು) ಅಂತಲೇ ಕರೆದು ಒಂದೇ ಸ್ಲೈಡರ್ ಎಳೆಯುವುದು ನಮ್ಮ ಕೆಲಸದಲ್ಲಿ ಅತಿ ಸಾಮಾನ್ಯವಾದ ತಪ್ಪು. ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ.

ಗುರುತಿಸುವುದು ಕಷ್ಟವಲ್ಲ. ಪರದೆಯ ಮೇಲೆ ಕಂಬದ ಗೆರೆಗೆ ಒಂದು ಕಾಗದದ ಅಂಚು ಹಿಡಿಯಿರಿ. ಗೆರೆ ಅಂಚನ್ನು ಬಿಟ್ಟು ಬಾಗಿದರೆ ಅದು ಲೆನ್ಸಿನದು. ಗೆರೆ ನೇರವಾಗಿಯೇ ಇದ್ದು ಓರೆಯಾಗಿದ್ದರೆ ಅದು ಕ್ಯಾಮೆರಾವನ್ನು ಮೇಲಕ್ಕೆತ್ತಿ ಹಿಡಿದದ್ದರಿಂದ ಆದದ್ದು. ನಡುಭಾಗ ಫ್ರೇಮಿನ ಹೊರಕ್ಕೆ ಉಬ್ಬಿದ್ದರೆ ಬ್ಯಾರಲ್, ಒಳಕ್ಕೆ ಎಳೆದುಕೊಂಡಿದ್ದರೆ ಪಿನ್‌ಕುಷನ್. ನಡುವೆ ಉಬ್ಬಿ, ತುದಿಗಳ ಹತ್ತಿರ ಮತ್ತೆ ತಿರುಗಿಕೊಂಡಿದ್ದರೆ ಅದಕ್ಕೆ ಮೀಸೆ ಡಿಸ್ಟಾರ್ಷನ್ ಅನ್ನುತ್ತಾರೆ. ಇದನ್ನು ಕೈಯಾರೆ ಎಳೆಯುವ ಮ್ಯಾನುಯಲ್ ಸ್ಲೈಡರ್‌ನಿಂದ ತಿದ್ದಲು ಆಗುವುದಿಲ್ಲ, ಪ್ರೊಫೈಲ್ (ಆ ಲೆನ್ಸಿನ ಬಾಗನ್ನು ಮೊದಲೇ ಅಳೆದಿಟ್ಟ ತಿದ್ದುಪಡಿಯ ಲೆಕ್ಕ) ಬೇಕೇ ಬೇಕು.

ಎಷ್ಟು ಬಾಗಿದರೆ ತಲೆ ಕೆಡಿಸಿಕೊಳ್ಳಬೇಕು? 6000×4000 ಪಿಕ್ಸೆಲ್ ಫೋಟೊದಲ್ಲಿ ಅಂಚಿನ ಗೆರೆ 40 ಪಿಕ್ಸೆಲ್ ಉಬ್ಬಿದರೆ ಅದು ಎತ್ತರದ 1 ಶೇಕಡಾ. 12 ಇಂಚು ಎತ್ತರದ ಆಲ್ಬಂ ಹಾಳೆಯಲ್ಲಿ ಅದು 3 ಮಿಲಿಮೀಟರ್. ಕತ್ತರಿಸಿದ ಹಾಳೆಯ ನೇರ ಅಂಚಿನ ಪಕ್ಕದಲ್ಲೇ ಕಂಬ ಬಂದರೆ ಆ 3 ಮಿಲಿಮೀಟರ್ ಯಾರ ಕಣ್ಣಿಗಾದರೂ ಬೀಳುತ್ತದೆ.

ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಮೊದಲು ಲೆನ್ಸ್ ಕರೆಕ್ಷನ್ಸ್ ಪ್ಯಾನೆಲ್ಲಿನ ಪ್ರೊಫೈಲ್ ಆನ್ ಮಾಡಿ, ಕಂಪನಿ ಮತ್ತು ಮಾಡೆಲ್ ಸರಿಯಾಗಿ ಬಂದಿದೆಯೇ ನೋಡಿ. ಬೇರೆ ಕಂಪನಿಯ ಲೆನ್ಸ್ ಹಾಕಿದಾಗ ಒಂದೇ ಗುರುತಿನ ಸಂಖ್ಯೆ ಹಲವು ಲೆನ್ಸ್‌ಗಳಿಗೆ ಇರುವುದುಂಟು, ಆಗ ತಪ್ಪು ಪ್ರೊಫೈಲ್ ಕೂರುತ್ತದೆ. ಅಡಾಪ್ಟರ್ ಮೇಲೆ ಹಾಕಿದ ಹಳೆಯ ಮ್ಯಾನುಯಲ್ ಲೆನ್ಸ್ ಆದರೆ ಎಕ್ಸಿಫ್‌ನಲ್ಲಿ (ಫೋಟೊ ಜೊತೆ ಕ್ಯಾಮೆರಾ ಬರೆದಿಡುವ ವಿವರ) ಹೆಸರೇ ಇರುವುದಿಲ್ಲ, ಕೈಯಾರೆ ಆರಿಸಬೇಕು. ಡಾರ್ಕ್‌ಟೇಬಲ್ ಎಂಬ ಸಾಫ್ಟ್‌ವೇರ್ ಬಳಸುವವರಿಗೆ ಲೆನ್ಸ್‌ಫನ್ ಎಂಬ ಲೆನ್ಸ್ ಪ್ರೊಫೈಲ್‌ಗಳ ಪಟ್ಟಿ ಇದೆ. ಹೊಸ ಲೆನ್ಸ್ ಸಿಗದಿದ್ದರೆ ಆ ಪಟ್ಟಿಯನ್ನು ಅಪ್‌ಡೇಟ್ ಮಾಡಿ ನೋಡಿ. ರಾ-ಥೆರಪಿ ಎಂಬ ಸಾಫ್ಟ್‌ವೇರ್ ಅಡೋಬಿಯ ಎಲ್‌ಸಿಪಿ (ಲೆನ್ಸ್ ಪ್ರೊಫೈಲ್) ಫೈಲುಗಳನ್ನೂ ಓದುತ್ತದೆ.

ಕೆಲವು ಮಿರರ್‌ಲೆಸ್ ಕ್ಯಾಮೆರಾಗಳು ತಿದ್ದುಪಡಿಯ ಲೆಕ್ಕವನ್ನು ರಾ ಫೈಲಿನೊಳಗೇ (ಸಂಸ್ಕರಿಸದ ಮೂಲ ಫೋಟೊ ಫೈಲ್) ಬರೆದಿರುತ್ತವೆ. 2008ರ ಲ್ಯೂಮಿಕ್ಸ್ ಜಿ1 ಕಾಲದಿಂದಲೂ ಮೈಕ್ರೋ ಫೋರ್ ಥರ್ಡ್ಸ್ ಎಂಬ ಸಣ್ಣ ಸೆನ್ಸರ್‌ನ ಕ್ಯಾಮೆರಾಗಳಲ್ಲಿ ಹೀಗೆಯೇ. ಲೈಟ್‌ರೂಮ್ ಅದನ್ನು ತಾನಾಗಿಯೇ ಹಾಕಿ, ಪ್ಯಾನೆಲ್ಲಿನ ಕೆಳಗೆ ಒಂದು ಸಾಲು ತೋರಿಸುತ್ತದೆ. ಅದನ್ನು ಗಮನಿಸದೆ ಟಿಫ್ ಫೈಲ್ ಮಾಡಿ ಇನ್ನೊಂದು ಸಾಫ್ಟ್‌ವೇರ್‌ಗೆ ಕೊಟ್ಟು ಅಲ್ಲಿ ಮತ್ತೆ ಪ್ರೊಫೈಲ್ ಹಾಕಿದರೆ ಬ್ಯಾರಲ್ ಹೋಗಿ ಪಿನ್‌ಕುಷನ್ ಬರುತ್ತದೆ. ಕ್ಯಾಮೆರಾದಲ್ಲೇ ತಿದ್ದಿಕೊಂಡು ಬಂದ ಜೆಪೆಗ್‌ಗೂ ಇದೇ ಮಾತು.

ಪ್ರೊಫೈಲ್ ಆದ ಮೇಲೆಯೇ ಟ್ರಾನ್ಸ್‌ಫಾರ್ಮ್ (ಓರೆಯನ್ನು ತಿದ್ದುವ ಪ್ಯಾನೆಲ್). ವಾಲಿದ ಕಂಬಗಳಿಗೆ ಅದರಲ್ಲಿನ ಗೈಡೆಡ್ ಅಪ್‌ರೈಟ್ ತೆಗೆದುಕೊಂಡು ಎರಡು ಕಂಬಗಳ ಮೇಲೂ ಒಂದೊಂದು ಗೆರೆ ಎಳೆಯಿರಿ. ಒಟ್ಟು ನಾಲ್ಕು ಗೆರೆಗಳವರೆಗೆ ಎಳೆಯಬಹುದು. ಬಾಗಿದ ಕಂಬದ ಮೇಲೆ ನೇರ ಗೆರೆ ಕೂರುವುದೇ ಇಲ್ಲವಾದ್ದರಿಂದ ಈ ಕ್ರಮ ತಪ್ಪಿಸಬಾರದು. ಕ್ರಾಪ್ ಕೊನೆಗೆ, ಏಕೆಂದರೆ ಎರಡು ತಿದ್ದುಪಡಿಗಳೂ ಅಂಚನ್ನು ತಿನ್ನುತ್ತವೆ. ಫೋಟೊ ತೆಗೆಯುವವರಿಗೆ ಸುತ್ತಲೂ ಒಂದಿಷ್ಟು ಜಾಗ ಬಿಡಿ ಎಂದು ಮೊದಲೇ ಹೇಳಿಡುವುದು ಒಳ್ಳೆಯದು. ಇಲ್ಲದಿದ್ದರೆ ಮೂಲೆಯ ಕುರ್ಚಿಯಲ್ಲಿ ಕೂತ ಅಜ್ಜಿಯ ಮೊಣಕೈ ಕತ್ತರಿಸಿ ಹೋಗುತ್ತದೆ.

ಇನ್ನು ಮುಖ. ಇಲ್ಲಿ ಲೆನ್ಸಿನ ತಪ್ಪೇ ಇಲ್ಲ. ನೇರ ಗೆರೆಯನ್ನು ನೇರವಾಗಿಯೇ ತೋರಿಸುವ ಯಾವ ವೈಡ್ ಲೆನ್ಸ್ ಆದರೂ ಅಂಚಿನ ದುಂಡು ವಸ್ತುಗಳನ್ನು ಹೊರಕ್ಕೆ ಎಳೆಯುತ್ತದೆ. ಫುಲ್‌ಫ್ರೇಮ್‌ನಲ್ಲಿ (35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್) 24 ಎಂಎಂ ಆದರೆ ಎಡ-ಬಲದ ತುತ್ತತುದಿಯ ತಲೆ ಎತ್ತರಕ್ಕಿಂತ ಅಗಲದಲ್ಲಿ 25 ಶೇಕಡಾ ಹೆಚ್ಚು ಹಿಗ್ಗುತ್ತದೆ. 35 ಎಂಎಂ ಆದರೆ ಸುಮಾರು 12, 50 ಎಂಎಂ ಆದರೆ ಸುಮಾರು 6. ಬ್ಯಾರಲ್ ಈ ಹಿಗ್ಗನ್ನು ಸ್ವಲ್ಪ ಅದುಮಿ ಹಿಡಿದಿರುತ್ತದೆ. ಪ್ರೊಫೈಲ್ ಆನ್ ಮಾಡಿದ ಕೂಡಲೇ ತುದಿಯಲ್ಲಿರುವ ಅತ್ತೆಯ ಕೆನ್ನೆ ಇನ್ನಷ್ಟು ಅಗಲವಾಗುವುದು ಇದಕ್ಕೇ.

ಆದ್ದರಿಂದ ಅಂಚಿನಲ್ಲಿ ಕಂಬ, ಬಾಗಿಲು ಏನೂ ಇಲ್ಲದೆ ಬರೀ ಹೂವಿನ ಅಲಂಕಾರ ಇದ್ದರೆ, ಪ್ರೊಫೈಲಿನ ಡಿಸ್ಟಾರ್ಷನ್ ಸ್ಲೈಡರ್ 100ರಲ್ಲಿ ಬಿಡಬೇಡಿ, 40–50ಕ್ಕೆ ಇಳಿಸಿ. ಕಂಬ ಇದ್ದರೆ 70–80ರಲ್ಲಿ ನಿಲ್ಲಿಸುತ್ತೇವೆ. ಕಂಬದ ಅಲ್ಪ ಬಾಗನ್ನು ಜನ ಕ್ಷಮಿಸುತ್ತಾರೆ, ಊದಿದ ಮುಖವನ್ನು ಕ್ಷಮಿಸುವುದಿಲ್ಲ. ವಿನ್ಯೆಟಿಂಗ್ (ಮೂಲೆ ಕಪ್ಪಾಗುವುದು) ತಿದ್ದುವ ಸ್ಲೈಡರ್ ಬೇರೆಯೇ ಇದೆ. ಐಎಸ್ಒ 6400ರ ಫೋಟೊದಲ್ಲಿ ಅದನ್ನೂ ಪೂರ್ತಿ ಹಾಕಿದರೆ ಮೂಲೆ ಬೆಳಗಾದಷ್ಟೇ ನಾಯ್ಸ್ (ಕಾಳು ಕಾಳು) ಎದ್ದು ಕಾಣುತ್ತದೆ.

ಸೆಟ್ಟಿಂಗ್ ಕಾಪಿ ಮಾಡುವಾಗ ಎಚ್ಚರ. ಪ್ರೊಫೈಲ್ ಪ್ರತಿ ಫೋಟೊದ ಫೋಕಲ್ ಲೆಂಗ್ತ್ ಓದಿಕೊಂಡು ತಾನೇ ಬದಲಾಗುತ್ತದೆ, ಮ್ಯಾನುಯಲ್ ಸ್ಲೈಡರ್ ಬದಲಾಗುವುದಿಲ್ಲ. ಸಾಮಾನ್ಯವಾಗಿ 24-70 ಜೂಮ್ 24ರಲ್ಲಿ ಬ್ಯಾರಲ್, 70ರಲ್ಲಿ ಪಿನ್‌ಕುಷನ್. 24ರ ಫೋಟೊಗೆ ಹಾಕಿದ ಪ್ಲಸ್ 12 ಅನ್ನು ಇಡೀ ಫೋಲ್ಡರಿಗೆ ಅಂಟಿಸಿದರೆ 70ರ ಫೋಟೊಗಳ ಗೆರೆಗಳು ಇನ್ನೂ ಒಳಕ್ಕೆ ಬಾಗುತ್ತವೆ.

ಮ್ಯಾನುಯಲ್ ಸ್ಲೈಡರ್ ನಿಜವಾಗಿ ಬೇಕಾಗುವುದು ಹತ್ತಿರದಿಂದ ತೆಗೆದ ಲಗ್ನಪತ್ರಿಕೆಗೆ. ಫೋಕಸ್ ದೂರ ಬದಲಾದಂತೆ ಬಾಗೂ ಬದಲಾಗುವುದರಿಂದ ಪ್ರೊಫೈಲ್ ಹಾಕಿದ ಮೇಲೂ ಪತ್ರಿಕೆಯ ಅಂಚಿನಲ್ಲಿ ಕೊಂಚ ಬಾಗು ಉಳಿದಿರುತ್ತದೆ. ಉಬ್ಬಿದ್ದರೆ ಪ್ಲಸ್ ಕಡೆಗೆ, ಒಳಕ್ಕಿದ್ದರೆ ಮೈನಸ್ ಕಡೆಗೆ ಒಂದೊಂದೇ ಅಂಕೆ ಸರಿಸಿ. ಪತ್ರಿಕೆಯ ಬಂಗಾರದ ಬಾರ್ಡರ್ ಪರದೆಯ ಗ್ರಿಡ್ ಗೆರೆಗೆ ಹೊಂದಿಕೊಂಡಾಗ ನಿಲ್ಲಿಸಿ.