ಚಳಿಗಾಲದ ಬೆಟ್ಟಕ್ಕೆ ಯಾವ ಬಿವಿ ಸ್ಯಾಕ್?

8 ಡಿಸೆಂಬರ್ 2024, ಭಾನುವಾರ

ಇವತ್ತು ಮಧ್ಯಾಹ್ನ ಪೂರ್ತಿ ಬಿವಿ ಸ್ಯಾಕ್‌ಗಳನ್ನು (ಟೆಂಟ್ ಇಲ್ಲದ ರಾತ್ರಿ ಮೈ ತೂರಿಸಿಕೊಳ್ಳುವ ಚೀಲಗಳು) ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ಮುಂದಿನ ತಿಂಗಳು ಹಿಮದ ಬೆಟ್ಟ ಹತ್ತುವುದಿದೆ. ಶಿಖರಕ್ಕೆ ಹೊರಡುವ ದಿನ ಟೆಂಟ್ ಕೆಳಗೇ ಉಳಿಯುತ್ತದೆ. ಮೇಲೆ ಹವಾಮಾನ ಕೆಟ್ಟರೆ, ಯಾರದಾದರೂ ಕಾಲು ಉಳುಕಿದರೆ, ರಾತ್ರಿಯನ್ನು ಬಯಲಲ್ಲೇ ಕಳೆಯಬೇಕು. ಆಗ ಬೆನ್ನಿನ ಬ್ಯಾಗಿನಲ್ಲಿ ಏನಿದೆಯೋ ಅಷ್ಟೇ ಆಸರೆ.

ಎಲ್ಲರೂ ಮೊದಲು ಕೇಳುವುದು ತೂಕ. ಅದು ಮುಖ್ಯವೇ. ಭಾರ ಅಂತ ಟೆಂಟಿನಲ್ಲೇ ಬಿಟ್ಟು ಬಂದ ಚೀಲದಿಂದ ಯಾರಿಗೂ ಉಪಯೋಗವಿಲ್ಲ. ಬೆಳ್ಳಿ ಬಣ್ಣದ ಫಾಯಿಲ್ ಚೀಲ ಸುಮಾರು 100 ಗ್ರಾಂ ಇರುತ್ತದೆ. ಬೆವರಿನ ಆವಿಯನ್ನು ಹೊರಗೆ ಬಿಡುವ ಹಗುರ ಬಟ್ಟೆಯದು 250ರಿಂದ 300 ಗ್ರಾಂ. ವಾಟರ್‌ಪ್ರೂಫ್ ಮೆಂಬ್ರೇನ್ (ನೀರು ತಡೆದು ಆವಿ ಹೊರಬಿಡುವ ತೆಳು ಪದರ), ತಲೆಯ ಹತ್ತಿರ ಕಮಾನು ಎಲ್ಲ ಇರುವ ಗಟ್ಟಿಮುಟ್ಟಾದದ್ದು ಅರ್ಧ ಕಿಲೋ ದಾಟುತ್ತದೆ. ಆದರೆ ಗ್ರಾಂ ಲೆಕ್ಕ ನೋಡಿ ಆರಿಸುವ ಮೊದಲು ಒಳಗೆ ಸೇರುವ ತೇವದ ಬಗ್ಗೆ ಯೋಚಿಸಬೇಕು. ಕಡು ಚಳಿಯಲ್ಲಿ ಕಾಟ ಕೊಡುವುದು ಮಳೆ ಅಲ್ಲ, ನಮ್ಮದೇ ಬೆವರು, ನಮ್ಮದೇ ಉಸಿರು.

ಮಲಗಿದ್ದರೂ ಮೈಯಿಂದ ಆವಿ ಹೊರಡುತ್ತಲೇ ಇರುತ್ತದೆ. ಫಾಯಿಲ್ ಚೀಲದಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಒಳಗಿನ ಗೋಡೆಗೆ ಅಂಟಿ ಹೆಪ್ಪುಗಟ್ಟುತ್ತದೆ. ಮಗ್ಗುಲು ಬದಲಿಸಿದಾಗ ಪುಡಿಯಾಗಿ ಮೈಮೇಲೆ ಬಿದ್ದು ಕರಗುತ್ತದೆ. ಡೌನ್ ಜಾಕೆಟ್ ಒದ್ದೆಯಾದರೆ ಒಳಗೆ ತುಂಬಿದ ಪುಕ್ಕ ಮುದ್ದೆಯಾಗಿ ಬಿಸಿ ಹಿಡಿಯುವ ಶಕ್ತಿಯೇ ಹೋಗುತ್ತದೆ. ಗಾಯಗೊಂಡವರನ್ನು ಒಂದು ರಾತ್ರಿ ಉಳಿಸಿಕೊಳ್ಳಲು ಫಾಯಿಲ್ ಚೀಲ ಸಾಕು, ಅದಕ್ಕಾಗಿ ಖಂಡಿತ ಇರಲಿ. ಎರಡನೇ ರಾತ್ರಿಗೆ ಅದನ್ನು ನಂಬಬಾರದು.

ಹಾಗಾದ್ರೆ ಮೆಂಬ್ರೇನ್ ಇದ್ದರೆ ಸರಿಹೋಗುತ್ತದಾ? ಪೂರ್ತಿ ಇಲ್ಲ. ಒಳಗೆ ಬೆಚ್ಚಗೆ, ತೇವವಾಗಿ, ಹೊರಗೆ ಒಣಗಿದ್ದಾಗ ಆವಿ ಬಟ್ಟೆಯನ್ನು ದಾಟುತ್ತದೆ. ಮೈನಸ್ 15 ಡಿಗ್ರಿಯಲ್ಲಿ ಬಟ್ಟೆಯೇ ಕೊರೆಯುವಷ್ಟು ತಣ್ಣಗಿರುತ್ತದೆ, ಆವಿ ದಾಟುವ ಮೊದಲೇ ಹೆಪ್ಪುಗಟ್ಟುತ್ತದೆ. ಅಂಥ ಚಳಿಯಲ್ಲಿ ಬೀಳುವ ಹಿಮವೂ ಒಣ ಪುಡಿ, ಕೊಡವಿದರೆ ಉದುರಿ ಹೋಗುತ್ತದೆ. ಅಲ್ಲಿಗೆ ಗಾಳಿ ತಡೆಯುವ, ನೀರು ಜಾರಿಸುವ ತೆಳು ನೈಲಾನ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಸೊನ್ನೆಯ ಆಸುಪಾಸಿನಲ್ಲಿ ಸುರಿಯುವ ಒದ್ದೆ ಹಿಮವಾದರೆ ಮಾತು ಬೇರೆ. ಅಲ್ಲಿ ಮೆಂಬ್ರೇನ್ ಬೇಕೇ ಬೇಕು.

ಆಮೇಲೆ ದಪ್ಪ ಮಿಟನ್ (ಹೆಬ್ಬೆರಳು ಬಿಟ್ಟು ಉಳಿದ ಬೆರಳೆಲ್ಲ ಒಟ್ಟಿಗಿರುವ ಕೈಗವಸು) ಹಾಕಿಕೊಂಡು ಒಂದೊಂದರ ಜಿಪ್ಪನ್ನೂ ಎಳೆದು ನೋಡಿದೆ. ಒಂದರ ಎಳೆತುದಿ ಎಷ್ಟು ಚಿಕ್ಕದೆಂದರೆ ಬೆರಳಿಗೆ ಸಿಗುತ್ತಲೇ ಇಲ್ಲ. ಅದಕ್ಕೆ 3 ಮಿಲಿಮೀಟರ್ ದಾರದ ಕುಣಿಕೆ ಹಾಕಿದೆ, ಈಗ ಹೆಬ್ಬೆರಳು ತೂರಿಸಿ ಎಳೆಯಬಹುದು. ಡೌನ್ ಜಾಕೆಟ್ ಹಾಕಿಕೊಂಡೇ ಒಳಗೆ ಮಲಗಿಯೂ ನೋಡಿದೆ. ಭುಜದ ಹತ್ತಿರ ಬಿಗಿಯಾದರೆ ಜಾಕೆಟ್ಟಿನ ಉಬ್ಬು ಅಮುಕಿಹೋಗಿ ಚಳಿ ನೇರ ಒಳಗೆ ಬರುತ್ತದೆ. ಕಾಲ ಹತ್ತಿರವೂ ಜಾಗ ಬೇಕು, ಬೂಟು ಹೊರಗಿಟ್ಟರೆ ಬೆಳಿಗ್ಗೆ ಕಲ್ಲಾಗಿರುತ್ತವೆ. ಇಕ್ಕಟ್ಟಾದ ಬಂಡೆಯ ಮೇಲೆ ಕೂತೇ ರಾತ್ರಿ ಕಳೆಯಬೇಕಾದರೆ ಸೊಂಟಕ್ಕೆ ಬಿಗಿಯುವ ಪಟ್ಟಿಯಾದ ಹಾರ್ನೆಸ್‌ಗೆ ಕಟ್ಟಿದ ಹಗ್ಗ ಹೊರಬರಲು ದಾರಿಯೂ ಇರಬೇಕು. ಈ ಎಲ್ಲ ಕಾರಣಕ್ಕೆ 40 ಗ್ರಾಂ ಜಾಸ್ತಿ ಆದರೂ ಅಗಲವಾದದ್ದನ್ನೇ ತೆಗೆದಿಟ್ಟೆ. ಬಣ್ಣ ಕಿತ್ತಳೆ. ಹಿಮದಲ್ಲಿ ಹುಡುಕುವವರ ಕಣ್ಣಿಗೆ ಬೀಳಬೇಕಲ್ವಾ.

ಚೀಲ ಎಷ್ಟೇ ಒಳ್ಳೆಯದಿದ್ದರೂ ಅಡಿಯಲ್ಲಿ ಏನಾದರೂ ಹಾಸಲೇಬೇಕು. ಫಾಯಿಲ್ ಮೈಯ ಶಾಖವನ್ನು ಹಿಂದಕ್ಕೆ ಕಳಿಸುವುದು ನಡುವೆ ಗಾಳಿಯ ಜಾಗ ಇದ್ದರೆ ಮಾತ್ರ. ಬೆನ್ನಡಿ ಅದು ಹಿಮಕ್ಕೆ ಒತ್ತಿಕೊಂಡರೆ ಬಿಸಿಯೆಲ್ಲ ನೆಲಕ್ಕೆ ಇಳಿಯುತ್ತದೆ. ಮ್ಯಾಟ್ ಇಲ್ಲದಿದ್ದರೆ ಹಗ್ಗ, ಖಾಲಿ ಬ್ಯಾಗ್, ಏನಾದರೂ ಸರಿ. ಹಿಮದಲ್ಲಿ ಗುಂಡಿ ತೋಡಿಕೊಂಡು ಅದರೊಳಗೆ ಕೂತರೆ ಇನ್ನೂ ಒಳ್ಳೆಯದು. 1975ರ ಸೆಪ್ಟೆಂಬರ್‌ನಲ್ಲಿ ಡಗ್ ಸ್ಕಾಟ್ ಮತ್ತು ಡೂಗಲ್ ಹ್ಯಾಸ್ಟನ್ ಎವರೆಸ್ಟಿನ ದಕ್ಷಿಣ ಶಿಖರದ ಬಳಿ, ಸುಮಾರು 8,750 ಮೀಟರ್ ಎತ್ತರದಲ್ಲಿ, ಸ್ಲೀಪಿಂಗ್ ಬ್ಯಾಗ್ ಇಲ್ಲದೆ ರಾತ್ರಿ ಕಳೆದು ಜೀವಂತ ಇಳಿದು ಬಂದರು. ಅವರನ್ನು ಗಾಳಿಯಿಂದ ಕಾಪಾಡಿದ್ದು ಹಿಮದಲ್ಲಿ ತೋಡಿಕೊಂಡ ಗುಹೆ. ಹಾಗಾಗಿ ಸಲಿಕೆಯ ತೂಕವನ್ನೂ ಈ ಲೆಕ್ಕದಲ್ಲೇ ಸೇರಿಸಿದ್ದೇನೆ.

ಇನ್ನೊಂದು ಮಾತು. ಬಾಯಿ ಮುಚ್ಚಿದ ಚೀಲದೊಳಗೆ ಸ್ಟೋವ್ ಹಚ್ಚುವ ಯೋಚನೆಯೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಉಳಿದಿರುವುದು ಇಬ್ಬರು ಹಿಡಿಸುವ ಚೀಲದ ಪ್ರಶ್ನೆ. ಆಸ್ಟ್ರಿಯಾದ ಸ್ಕೀ ಗುರು ಮಥಿಯಾಸ್ ಜ್ದಾರ್ಸ್ಕಿ ರೂಪಿಸಿದ ಬಿವಿ ಸ್ಯಾಕ್ ಅಂಥದ್ದೇ. ಇಬ್ಬರು ಒತ್ತಿ ಕೂತರೆ ಒಬ್ಬರ ಬಿಸಿ ಇನ್ನೊಬ್ಬರಿಗೆ. ತಲಾ ತೂಕವೂ ಕಡಿಮೆ. ಆದರೆ ಇಬ್ಬರೂ ಬೇರೆಯಾದರೆ ಒಬ್ಬರ ಕೈ ಖಾಲಿ. ನನ್ನ ಚೀಲ ನನ್ನ ಹತ್ತಿರ ಇರಲಿ, ತಂಡಕ್ಕೆ ಅಂತ ಇಬ್ಬರ ಚೀಲವನ್ನೂ ಒಯ್ಯೋಣ ಅನ್ನಿಸುತ್ತಿದೆ. ಯಾರು ಹೊರುತ್ತಾರೆ ಅಂತ ನಾಳೆ ಎಲ್ಲರೂ ಸೇರಿದಾಗ ಕೇಳಬೇಕು.